ಬಿಸಿಲು ಕುಡಿದ ಕಲೆ

ಅಂಕಿ ಇಳಿಯುತ್ತಿತ್ತು.

ಮೇಜಿನ ಮೇಲಿದ್ದ ಪುಟ್ಟ ಮೀಟರಿನ ಕಡೆಗೆ ಇಬ್ಬರು ಹೆಂಗಸರು ಬಗ್ಗಿ ನಿಂತಿದ್ದರು. ಗಾಜಿನ ಕುಪ್ಪಿಯಲ್ಲಿ ಗುಲಾಬಿ ಬಣ್ಣದ ಉಪ್ಪುನೀರು, ಅದರೊಳಗೆ ಮೀಟರಿನ ಕಡ್ಡಿ, ಪಕ್ಕದಲ್ಲಿ ಕಣ್ಣು ಕುಕ್ಕುವ ದೀಪ. ದೀಪ ಹಾಕುವ ಮೊದಲು ಏಳರ ಮೇಲೆ ಅಲುಗಾಡದೆ ಕೂತಿದ್ದ ಅಂಕಿ ಈಗ ಏಳರ ಕೆಳಗೆ ಜಾರಿತ್ತು. ಇನ್ನೂ ಜಾರುತ್ತಿತ್ತು. ನೀರು ಹುಳಿಯಾಗುತ್ತಿತ್ತು.

ರಶೀನಾ ದೀಪ ಆರಿಸಿ ಕುಪ್ಪಿಯ ಮೇಲೆ ಕಪ್ಪು ಬಟ್ಟೆ ಮುಚ್ಚಿದಳು. ಅಂಕಿ ನಿಂತಿತು. ಸ್ವಲ್ಪ ಹೊತ್ತಿಗೆ ಮೆಲ್ಲಗೆ ಮೇಲೇರತೊಡಗಿತು. ಬಟ್ಟೆ ತೆಗೆದು ಮತ್ತೆ ದೀಪ ಹಾಕಿದಳು. ಮತ್ತೆ ಇಳಿಯಿತು.

"ಇದರಲ್ಲಿ ಪಂಪು ಉಂಟು, ಮೇಡಂ" ಎಂದಳು ರಶೀನಾ. "ಇದು ಯಾವುದು ಅಂತ ಈಗ ಹೇಳ್ಬೇಡಿ. ಇನ್ನೊಂದನ್ನೂ ನೋಡುವ."

ಪಕ್ಕದಲ್ಲಿದ್ದ ಸಬ್ ಇನ್ಸ್‌ಪೆಕ್ಟರ್ ಭವ್ಯಶ್ರೀ ತಲೆಯಾಡಿಸಿದಳು.

ವೇಣೂರಿನ ಲೋಕನಾಥ ಪಡಿವಾಳರ ಮನೆಯ ಚೈತ್ಯಾಲಯದಿಂದ ಅಂಗೈಯಗಲದ ಸ್ಫಟಿಕದ ಚಂದ್ರನಾಥ ತೀರ್ಥಂಕರರ ಬಿಂಬ ಮಾಯವಾಗಿ ಎರಡು ವಾರ ಕಳೆದಿತ್ತು. ಸಿಕ್ಕಿದ್ದ ಗುರುತೆಂದರೆ ಗೇಟಿನ ಬಳಿ ಬಿದ್ದಿದ್ದ ಒಂದು ಬಿಳಿ ವಸ್ತ್ರ, ಅದರ ಮೇಲೊಂದು ಗುಲಾಬಿ ಕಲೆ.

ಮೂಡುಬಿದಿರೆಯ ಈ ಕಾಲೇಜಿನಲ್ಲಿ ಸೂಕ್ಷ್ಮಜೀವಿಗಳ ಪಾಠ ಮಾಡುವ ರಶೀನಾ ಆ ಕಲೆಯನ್ನು ಪರೀಕ್ಷಿಸಲು ಒಪ್ಪಿದ್ದು ಒಂದೇ ಷರತ್ತಿನ ಮೇಲೆ. ಯಾವ ಕುಪ್ಪಿಯಲ್ಲಿ ಏನಿದೆಯೆಂದು ತನಗೆ ತಿಳಿಯಕೂಡದು. ಅನುಮಾನಕ್ಕೆ ಸಿಕ್ಕಿದವನು ಬ್ಯಾರಿ ಮುಸಲ್ಮಾನ, ತಾನೂ ಬ್ಯಾರಿ. ನಾಳೆ ಯಾರೂ ತನ್ನ ಕಡೆಗೆ ಬೆರಳು ತೋರಿಸಬಾರದು ಎಂದಿದ್ದಳು. ಹಾಗಾಗಿ ಭವ್ಯಶ್ರೀಯೇ ಕುಪ್ಪಿಗಳ ಚೀಟಿ ಕಿತ್ತು, ಅಡಿಯಲ್ಲಿ ತನ್ನ ಬಿಂದಿಯ ಪೊಟ್ಟಣದಿಂದ ಒಂದಕ್ಕೆ ಕೆಂಪು, ಒಂದಕ್ಕೆ ಕಪ್ಪು ಬಿಂದಿ ಅಂಟಿಸಿದ್ದಳು.

ಎರಡನೆಯ ಕುಪ್ಪಿ ಬಂತು. ಅದೇ ಗುಲಾಬಿ ಬಣ್ಣ. ಪಕ್ಕಪಕ್ಕ ಇಟ್ಟರೆ ಹೆತ್ತವರಿಗೂ ಗುರುತು ಸಿಗದ ಅವಳಿಗಳ ಹಾಗೆ.

ದೀಪ ಹಾಕಿದರು. ಅಂಕಿ ಅಲುಗಲಿಲ್ಲ.

ಕಾದರು. ರಶೀನಾ ದೀಪವನ್ನು ಇನ್ನಷ್ಟು ಹತ್ತಿರ ತಂದಳು. ಹೊರಗೆ ಯಾವುದೋ ತರಗತಿ ಬಿಟ್ಟು ಮಕ್ಕಳ ಗಲಾಟೆ ಮೆಟ್ಟಿಲಿಳಿದು ಹೋಯಿತು. ಅಂಕಿ ಕಲ್ಲಿನ ಹಾಗೆ ಕೂತಿತ್ತು.

"ಇದಕ್ಕೂ ಉಪ್ಪು ಬೇಕು, ಇದೂ ಗುಲಾಬಿಯೇ. ಆದರೆ ಪಂಪು ಇಲ್ಲ. ಎರಡೂ ಬೇರೆ ಬೇರೆ ಜಾತಿ" ಎಂದಳು ರಶೀನಾ.

ಭವ್ಯಶ್ರೀ ಮೊದಲ ಕುಪ್ಪಿಯನ್ನು ಎತ್ತಿ ಅಡಿ ನೋಡಿದಳು. ಕೆಂಪು ಬಿಂದಿ. ಅದು ವಸ್ತ್ರದ ಕಲೆಯಿಂದ ಬೆಳೆಸಿದ್ದು. ಎರಡನೆಯದು ಕಪ್ಪು. ಅದು ಝಿಯಾದನ ಟೆಂಪೋದಲ್ಲಿದ್ದ ಒಣಮೀನಿನದು.

ಅವಳು ಎರಡೂ ಕುಪ್ಪಿಗಳನ್ನು ಮೆಲ್ಲಗೆ ಕೆಳಗಿಟ್ಟಳು.

ಝಿಯಾದ್ ಬಂಟ್ವಾಳದ ಕಡೆಯಿಂದ ಒಣಮೀನು ತುಂಬಿಕೊಂಡು ಹಳ್ಳಿ ಹಳ್ಳಿಗೆ ಮಾರಲು ಬರುವವನು. ಬಿಂಬ ಮಾಯವಾದ ದಿನ ಬೆಳಗ್ಗೆ ಹಳೆಯ ಗೋಣಿಚೀಲ ಕೊಳ್ಳಲು ಪಡಿವಾಳರ ಗೇಟಿನ ಬಳಿ ಟೆಂಪೋ ನಿಲ್ಲಿಸಿದ್ದ. ಹಳೆಯ ಒಣಮೀನು ಗುಲಾಬಿಯಾಗುವುದು ಈ ಕರಾವಳಿಯಲ್ಲಿ ಯಾರಿಗೂ ಗೊತ್ತಿಲ್ಲದ ವಿಷಯವಲ್ಲ. ಮೀನಿನ ವಾಸನೆಯೂ ಸುಳಿಯದ ಜೈನರ ಮನೆಗೆ ಆ ಬಣ್ಣ ಇನ್ನೆಲ್ಲಿಂದ ಬರಬೇಕು? ಕಥೆ ಅಷ್ಟು ಚೆನ್ನಾಗಿ ಕೂತಿತ್ತು. ನಿನ್ನೆ ಸಂಜೆ ಮೇಲಧಿಕಾರಿಯ ಒತ್ತಾಯದ ಮೇಲೆ ಅವನನ್ನು ಬಂಧಿಸಿ ಆಗಿತ್ತು. ಇವತ್ತು ಸಂಜೆಯೊಳಗೆ ಬೆಳ್ತಂಗಡಿಯ ಕೋರ್ಟಿಗೆ ಒಪ್ಪಿಸಬೇಕು. ಅವನ ಹೆಂಡತಿ ಫಿದಾ ಬೆಳಗ್ಗಿನಿಂದ ಠಾಣೆಯ ಬೆಂಚಿನ ಮೇಲೆ, ಯಾರು ಕೊಟ್ಟ ನೀರನ್ನೂ ಮುಟ್ಟದೆ ಕೂತಿದ್ದಳು.

ಈ ಪಂಪು ಎಂದರೆ ಏನೆಂದು ತನ್ನ ಮೇಲಧಿಕಾರಿಗೆ ತಿಳಿಯುವ ಹಾಗೆ ಒಮ್ಮೆ ಹೇಳಿಕೊಡಿ ಎಂದು ಭವ್ಯಶ್ರೀ ಕೇಳಿದಳು.

ರಶೀನಾಗೆ ಅದು ದಿನದಿನದ ಪಾಠ. ಆದರೂ ಇವತ್ತು ಅವಳು ಕುರ್ಚಿಯಲ್ಲಿ ಕೂರಲಾರದೆ ಓಡಾಡುತ್ತ ಹೇಳಿದಳು. ಈ ಜೀವಿಗಳು ಉಪ್ಪು ಗಟ್ಟಿಯಾಗಿರುವಲ್ಲಿ ಮಾತ್ರ ಬದುಕುತ್ತವೆ, ಸಿಹಿನೀರಿಗೆ ಹಾಕಿದರೆ ಒಡೆದು ಹೋಗುತ್ತವೆ. ಒಂದೊಂದರ ಮೈಗೂ ತೆಳುವಾದ ಪೊರೆಯುಂಟು. ಕೆಲವು ಜಾತಿಯಲ್ಲಿ ಆ ಪೊರೆಯ ತುಂಬ ಒಂದು ನೇರಳೆ ಪ್ರೋಟೀನು ಚುಚ್ಚಿಕೊಂಡಿರುತ್ತದೆ. ಬೆಳಕು ಬಿದ್ದಾಗಲೆಲ್ಲ ಅದು ಒಳಗಿನಿಂದ ಒಂದೊಂದೇ ಹೈಡ್ರೋಜನ್ ಅಯಾನನ್ನು ಹೊರಗೆ ದಬ್ಬುತ್ತದೆ. ಹೊರಗಿನ ನೀರು ಹುಳಿಯಾಗುವುದು ಅದರಿಂದಲೇ. ದಬ್ಬಿದ್ದು ಮರಳಿ ಒಳಗೆ ನುಗ್ಗುವಾಗ ಆ ರಭಸವೇ ಜೀವಿಗೆ ಶಕ್ತಿ. ಅದರ ಪಕ್ಕದಲ್ಲೇ ಇನ್ನೊಂದು ಪಂಪು ಉಪ್ಪಿನ ಕ್ಲೋರೈಡನ್ನು ಒಳಕ್ಕೆ ಎಳೆದುಕೊಳ್ಳುತ್ತದೆ.

"ನಮಗೆ ಗಂಜಿ ಬೇಕು, ಇದಕ್ಕೆ ಬಿಸಿಲು ಸಾಕಾಗ್ತದೆ" ಎಂದಳು.

"ಮೀನಿನದ್ದಕ್ಕೆ ಯಾಕೆ ಪಂಪು ಇಲ್ಲ?"

"ಎಲ್ಲ ಜಾತಿಗೂ ಇರುವುದಿಲ್ಲ. ಇರುವ ಜಾತಿ ಕೂಡ ಅದನ್ನು ಸುಮ್ಮನೆ ಕಟ್ಟುವುದಿಲ್ಲ, ಮೇಡಂ. ನೀರಲ್ಲಿ ಗಾಳಿ ಕಡಿಮೆಯಾಗಿ, ಮೇಲೆ ಬಿಸಿಲು ಜೋರು ಇರಬೇಕು. ಗೋಣಿಯ ಕತ್ತಲೆಯಲ್ಲಿರುವ ಒಣಮೀನಿಗೆ ಎಂತ ಬಿಸಿಲು?" ರಶೀನಾ ಓಡಾಟ ನಿಲ್ಲಿಸಿದಳು. "ಈ ಕಲೆ ಬಂದದ್ದು ಬಿಸಿಲಿಗೆ ಬಾಯಿ ತೆರೆದು ನಿಂತ ಉಪ್ಪುನೀರಿನಿಂದ. ಅಂಥದು ಎಲ್ಲಿ ಉಂಟು ನೀವು ನೆನಪು ಮಾಡಿ."

ಸಮುದ್ರದಿಂದ ಇಷ್ಟು ಒಳಗೆ ಉಪ್ಪುನೀರೇ? ಭವ್ಯಶ್ರೀ ಕಣ್ಣು ಮುಚ್ಚಿದಳು. ಪಡಿವಾಳರ ಮನೆಯ ಹಿತ್ತಿಲಿಗೆ ಅವಳು ಎರಡು ಸಲ ಹೋಗಿದ್ದಳು. ಮಾವಿನ ಮಿಡಿ ಹಾಕಿದ ನೀಲಿ ಡ್ರಮ್ಮುಗಳ ಸಾಲು, ಅದರಾಚೆ ಮೇಲೆ ಮಾಡು ಇಲ್ಲದ ಬಯಲು ಜಾಗದಲ್ಲಿ ಒಂದು ಸಿಮೆಂಟಿನ ತೊಟ್ಟಿ. ಪಡಿವಾಳರ ಹೆಂಡತಿ ಕಾಂತಿಯವರದು ಉಪ್ಪಿನಕಾಯಿಯ ಸಣ್ಣ ವ್ಯಾಪಾರ. ಕಲ್ಲುಪ್ಪನ್ನು ಮೊದಲು ತೊಟ್ಟಿಯಲ್ಲಿ ಕರಗಿಸಿ, ಮಣ್ಣು ಮರಳು ತಳಕ್ಕಿಳಿದ ಮೇಲೆ ತಿಳಿನೀರನ್ನು ಮಿಡಿಗೆ ಹೊಯ್ಯುತ್ತಾರೆ. ಕರಗಿದ ಉಪ್ಪು ದಿನಗಟ್ಟಲೆ ಅಲ್ಲೇ, ಬಿಸಿಲಲ್ಲಿ.

ಎರಡು ಸಲವೂ ಅವಳು ಆ ತೊಟ್ಟಿಯ ಅಂಚನ್ನು ಸವರಿಕೊಂಡೇ ದಾಟಿದ್ದಳು. ಕಳ್ಳ ಹೊರಗಿನವನೆಂದು ಮನಸ್ಸು ತೀರ್ಮಾನಿಸಿದ ಮೇಲೆ ಕಣ್ಣು ಹೊರಗನ್ನೇ ನೋಡಿತ್ತು.

"ಹೊರಡುವ, ರಶೀನಾ ಮೇಡಂ. ಆ ಮೀಟರ್ ತೆಗೆದುಕೊಳ್ಳಿ" ಎಂದಳು.

ಜೀಪು ಹೊಸಂಗಡಿ ದಾಟುವಾಗ ಅವಳು ಮೇಲಧಿಕಾರಿಗೆ ಫೋನು ಮಾಡಿದಳು. ಅವರು ಪೂರ್ತಿ ಕೇಳಿಸಿಕೊಂಡರು. ಕಾಲೇಜಿನ ಕುಪ್ಪಿಗಳಿಗೆ ಕೋರ್ಟಿನಲ್ಲಿ ಬೆಲೆಯಿಲ್ಲ, ಸರ್ಕಾರದ ಪ್ರಯೋಗಾಲಯದ ವರದಿ ಬರಲು ತಿಂಗಳು ಬೇಕು, ಅಷ್ಟರವರೆಗೆ ಆರೋಪಿಯನ್ನು ಬಿಡಲು ಹೇಳಬೇಡಿ ಎಂದರು. ಕೊನೆಗೆ, ಬಿಂಬವನ್ನೇ ತಂದು ತೋರಿಸಿದರೆ ಮಾತು ಬೇರೆ ಎಂದು ಫೋನು ಇಟ್ಟರು.

ಪೆರಿಂಜೆಯ ತಿರುವಿನಲ್ಲಿ ರಶೀನಾ ಮೀಟರಿನ ಡಬ್ಬಿಯನ್ನು ಎರಡೂ ಕೈಯಿಂದ ಅವುಚಿಕೊಂಡಳು. ತೊಟ್ಟಿಯ ನೀರು ಖಾಲಿ ಮಾಡಿದ್ದರೆ ಎಂದು ಕೇಳಿದಳು. ಭವ್ಯಶ್ರೀಗೂ ಅದೇ ಭಯ. ಚಾಲಕನಿಗೆ ಇನ್ನೂ ಸ್ವಲ್ಪ ಜೋರಾಗಿ ಬಿಡಲು ಹೇಳಿದಳು.

ತೊಟ್ಟಿ ತುಂಬಿತ್ತು.

ಮಾರ್ಚಿನ ಬಿಸಿಲು ನೇರ ಅದರ ಮೇಲೆ ಬೀಳುತ್ತಿತ್ತು. ಅಂಚಿನಲ್ಲಿ ಬಿಳಿ ಉಪ್ಪಿನ ಹೆಪ್ಪು, ನೀರಿನ ಮೇಲೆ ತೆಳ್ಳಗೆ ಗುಲಾಬಿ ಕೆನೆ. ದೂರದಿಂದ ನೋಡಿದರೆ ಕಾವಿಯ ಬಣ್ಣವೆಂದು ಅನಿಸಬಹುದು. ಹತ್ತಿರ ಬಗ್ಗಿದಾಗ ನೇರಳೆಯ ಛಾಯೆ ಕಂಡಿತು. ಒಂದು ಕಡೆ ಆ ಕೆನೆ ಹರಿದು, ಕೈಯಗಲದ ಜಾಗದಲ್ಲಿ ಬರಿ ನೀರು ಕಾಣುತ್ತಿತ್ತು.

ಕಾಂತಿ ಒಳಗಿನಿಂದ ಬಂದರು. ಐವತ್ತೈದರ ಆಸುಪಾಸಿನ, ಮಾತು ಕಡಿಮೆಯ ಹೆಂಗಸು. ಯಜಮಾನರು ಕೋರ್ಟಿಗೆಂದು ಬೆಳ್ತಂಗಡಿಗೆ ಹೋಗಿದ್ದಾರೆ ಎಂದರು. ಹೊರಡುವ ಮೊದಲು ಇಲ್ಲೇ ತೊಟ್ಟಿಯ ಹತ್ತಿರ ನಿಂತು ತುಂಬ ಹೊತ್ತು ಫೋನಿನಲ್ಲಿ ಮಾತಾಡಿದ್ದರಂತೆ. ಬಿ.ಸಿ. ರೋಡಿನಲ್ಲಿ ಹೋಟೆಲು ಇಟ್ಟಿರುವ ಮೈದುನನ ಮಗ ಶೋಧನ್ ಕೂಡ ಬೆಳಗ್ಗೆ ಬಂದು ಉಪ್ಪಿನಕಾಯಿಯ ಭರಣಿ ತುಂಬಿಸಿಕೊಂಡು ಹೋದನಂತೆ. ಮಜ್ಜಿಗೆ ಕುಡಿಯುತ್ತೀರಾ ಎಂದು ಕೇಳಿದರು. ಆಮೇಲೆ ರಶೀನಾ ಸ್ಟೀಲಿನ ಲೋಟದಲ್ಲಿ ತೊಟ್ಟಿಯ ನೀರು ಎತ್ತುವುದನ್ನು ನೋಡಿ ಒಳಗೆ ಹೋಗದೆ ಅಲ್ಲೇ ನಿಂತರು.

ರಶೀನಾ ಲೋಟವನ್ನು ಬಿಸಿಲಲ್ಲಿ ಇಟ್ಟು ಕಡ್ಡಿ ಇಳಿಬಿಟ್ಟಳು. ಭವ್ಯಶ್ರೀ ಮೇಲೆ ಕೊಡೆ ಹಿಡಿದಳು, ಅಂಕಿ ನೆಲೆಯಾಗುವವರೆಗೆ ಕಾದಳು, ಆಮೇಲೆ ಕೊಡೆ ಸರಿಸಿದಳು.

ಅಂಕಿ ಇಳಿಯಿತು. ಕೊಡೆ ಹಿಡಿದರು, ಏರಿತು. ಸರಿಸಿದರು, ಇಳಿಯಿತು.

ರಶೀನಾ ತಲೆಯೆತ್ತಿ ಭವ್ಯಶ್ರೀಯನ್ನು ನೋಡಿದಳು. ಅವಳ ಕಣ್ಣು ತುಂಬಿತ್ತು. ಮೀಟರನ್ನು ಒರೆಸುತ್ತ ಎರಡು ಹೆಜ್ಜೆ ಹಿಂದೆ ಸರಿದು ನಿಂತಳು.

"ಅಮ್ಮ, ಇಲ್ಲಿ ಕೂತುಕೊಳ್ಳಿ" ಎಂದಳು ಭವ್ಯಶ್ರೀ.

ಕಾಂತಿ ಕೂರಲಿಲ್ಲ. "ಎಂತ ಸಂಗತಿ?"

"ಆ ವಸ್ತ್ರದ ಕಲೆ ಮೀನಿನದಲ್ಲ. ಈ ತೊಟ್ಟಿಯದು."

ತೊಟ್ಟಿಯಲ್ಲಿ ಕೈ ಹಾಕುವವರು ಎಷ್ಟು ಜನ ಎಂದು ಕಾಂತಿ ಕೇಳಿದರು. ಕೆಲಸದವರು ಇದ್ದಾರೆ, ಚೀಲಕ್ಕೆ ಬರುವವರು ಇದ್ದಾರೆ. ಆ ಮೀನಿನವನೇ ಇಲ್ಲಿ ಕೈ ತೊಳೆದಿರಬಹುದು. ದನಿ ಸ್ಥಿರವಾಗಿತ್ತು. ಆದರೆ ಅವರ ಬಲಗೈ ಸೆರಗಿನ ಅಂಚನ್ನು ಸುತ್ತುತ್ತ ಇತ್ತು.

"ಝಿಯಾದ್ ಗೇಟು ದಾಟಿ ಬರಲಿಲ್ಲ ಅಂತ ನೀವೇ ಹೇಳಿಕೆಯಲ್ಲಿ ಹೇಳಿದ್ದೀರಿ. ಚೀಲಗಳನ್ನು ಕೆಲಸದವರು ಅಲ್ಲಿಗೇ ಒಯ್ದುಕೊಟ್ಟದ್ದು." ಭವ್ಯಶ್ರೀ ಅವರ ಎದುರಿಗೆ ಬಂದು ನಿಂತಳು. "ನಾನು ಇನ್ನೊಂದು ಕೇಳ್ತೇನೆ. ಕದಿಯಲು ಬಂದವನಿಗೆ ವಸ್ತ್ರ ಯಾಕೆ? ಕಿಸೆ ಸಾಕು, ಚೀಲ ಸಾಕು. ಒಗೆದು ಮಡಿ ಮಾಡಿದ ಬಿಳಿ ವಸ್ತ್ರ ಹಿಡಿದುಕೊಂಡು ಬಂದವರು ಬಿಂಬವನ್ನು ಬರಿಗೈಯಲ್ಲಿ ಮುಟ್ಟಲು ಹೆದರಿದವರು. ಈ ಮನೆಯಲ್ಲಿ ಅದನ್ನು ಮುಟ್ಟುವ ಕ್ರಮ ಇಲ್ಲದವರು ಯಾರು, ಅಮ್ಮ?"

ಸೆರಗು ಸುತ್ತುತ್ತಿದ್ದ ಕೈ ನಿಂತಿತು.

ಹಿತ್ತಿಲಿನಲ್ಲಿ ಯಾವುದೋ ಹಕ್ಕಿ ಒಂದೇ ಸಮನೆ ಕೂಗುತ್ತಿತ್ತು. ಕಾಂತಿ ತೊಟ್ಟಿಯ ಕಡೆ ನೋಡಲಿಲ್ಲ. ಬೇರೆಲ್ಲ ಕಡೆ ನೋಡಿದರು, ಅಲ್ಲಿಗೆ ಮಾತ್ರ ನೋಡಲಿಲ್ಲ. ಭವ್ಯಶ್ರೀಗೆ ಅಷ್ಟೇ ಸಾಕಾಯಿತು. ಆದರೂ ಅವಳು ಅವಸರ ಮಾಡಲಿಲ್ಲ. ಫಿದಾ ಬೆಂಚಿನ ಮೇಲೆ ಕೂತಿರುವುದನ್ನು ಹೇಳಿದಳು. ಗಂಡನ ಮೈ ಮೇಲೆ ಬಟ್ಟೆ ಸರಿಯಾಗಿ ಉಂಟಾ ಎಂದಷ್ಟೇ ಅವಳು ಕೇಳಿದ್ದನ್ನು ಹೇಳಿದಳು. ಸಂಜೆಗೆ ಅವನು ಕೋರ್ಟಿನ ಕಟೆಕಟೆಯಲ್ಲಿ ನಿಂತರೆ, ನಾಳೆಯಿಂದ ಯಾವ ಊರಿನಲ್ಲೂ ಅವನ ಟೆಂಪೋದಿಂದ ಯಾರೂ ಮೀನು ಕೊಳ್ಳುವುದಿಲ್ಲ. ಆಮೇಲೆ ನಿರಪರಾಧಿ ಎಂದು ತೀರ್ಪು ಬಂದರೂ ದೇವರನ್ನು ಕದ್ದವನೆಂಬ ಹೆಸರು ಹೋಗುವುದಿಲ್ಲ.

ಕಾಂತಿ ತೊಟ್ಟಿಯ ಪಕ್ಕದ ಕಲ್ಲಿನ ಮೇಲೆ ಕುಸಿದು ಕೂತರು.

"ಬಿಡ್ತಾರೆ ಅಂತ ಎಣಿಸಿದೆ" ಎಂದರು. "ಏನೂ ಸಿಗದಿದ್ದರೆ ಅವನನ್ನು ಬಿಡ್ತಾರೆ ಅಂತಲೇ ಎಣಿಸಿದೆ."

ಆಮೇಲೆ ಅವರು ಹೇಳಿದ್ದನ್ನು ಭವ್ಯಶ್ರೀ ಮಧ್ಯೆ ಬಾಯಿ ಹಾಕದೆ ಕೇಳಿದಳು. ಬಿಂಬವನ್ನು ಪಾಲಿಶ್ ಮಾಡಿಸಲು ಮುಂಬಯಿಗೆ ಕಳಿಸುತ್ತೇವೆ, ಶೋಧನ್ ಒಯ್ಯುತ್ತಾನೆ ಎಂದು ಯಜಮಾನರು ಹೇಳಿದ್ದರಂತೆ. ಮದುವೆಯಾಗಿ ಬಂದ ಲಾಗಾಯ್ತು ದಿನವೂ ಹಾಲಿನ, ಗಂಧದ ಅಭಿಷೇಕ ಆಗುತ್ತಿರುವ ಸ್ಫಟಿಕಕ್ಕೆ ಎಂಥ ಪಾಲಿಶ್ ಎಂದು ಇವರು ಕೇಳಿದಾಗ ಯಜಮಾನರು ಎದ್ದು ಅಂಗಳಕ್ಕೆ ಇಳಿದರು. ಎರಡು ದಿನ ಬಿಟ್ಟು ಯಜಮಾನರೂ ಶೋಧನನೂ ಚಾವಡಿಯಲ್ಲಿ ಮಾತಾಡುವುದು ಕಿವಿಗೆ ಬಿತ್ತು. ಕೊಳ್ಳಲು ಬರುವವರು ಯಾರು, ಯಾವಾಗ ಬರುತ್ತಾರೆ, ಅದರ ಬದಲಿಗೆ ಚೈತ್ಯಾಲಯದಲ್ಲಿ ಏನಿಡುವುದು ಎಂಬ ಮಾತು. ಅದನ್ನು ಪೂರ್ತಿ ಕೇಳುವ ಧೈರ್ಯ ಇವರಿಗೆ ಬರಲಿಲ್ಲ. ಮರುದಿನ ಬೆಳಗ್ಗೆ ಎಲ್ಲರೂ ತಿಂಡಿಗೆ ಕೂತಾಗ ಚೈತ್ಯಾಲಯದ ಬಾಗಿಲು ತೆಗೆದರು.

"ನಮ್ಮ ಮನೆಯಲ್ಲಿ ಹೆಂಗಸರು ಅದನ್ನು ಮುಟ್ಟಿದ್ದು ಇಲ್ಲ. ನಾನು ಮುಟ್ಟಿದೆ" ಎಂದರು ಕಾಂತಿ. "ವಸ್ತ್ರದಲ್ಲಿ ಹಿಡಿದರೂ ಕೈ ಸುಟ್ಟ ಹಾಗೆ ಆಯ್ತು. ಎಲ್ಲಿ ಇಡುವುದು? ಕಪಾಟು, ಅಟ್ಟ, ಅಕ್ಕಿಯ ಡ್ರಮ್ಮು, ಎಲ್ಲ ಅವರು ಹುಡುಕ್ತಾರೆ. ಉಪ್ಪಿಗೆ ಮೈಲಿಗೆ ಇಲ್ಲ ಅಂತ ನನ್ನ ಅಮ್ಮ ಹೇಳ್ತಿದ್ದರು. ನೀರಿಗೆ ಇಳಿಸಿದ ಕೂಡಲೇ ಕಾಣದ ಹಾಗೆ ಆಯ್ತು, ನೀರೇ ನುಂಗಿದ ಹಾಗೆ."

ಒದ್ದೆಯಾದ ವಸ್ತ್ರವನ್ನು ಡ್ರಮ್ಮುಗಳ ಹಿಂದೆ ಎಸೆದಿದ್ದರು. ನಾಯಿ ಅದನ್ನು ಗೇಟಿನವರೆಗೆ ಎಳೆದುಕೊಂಡು ಹೋಗಿರಬೇಕು. ಟೆಂಪೋ ಅಲ್ಲಿ ನಿಂತದ್ದು ಝಿಯಾದನ ಗ್ರಹಚಾರ.

ಯಾರಾದರೂ ನಿಮಗೆ ಸಹಾಯ ಮಾಡಿದರಾ, ಯಾರಾದರೂ ನೋಡಿದರಾ ಎಂದು ಭವ್ಯಶ್ರೀ ಕೇಳಿದಳು. ಇಲ್ಲ ಎಂದರು. ಗಂಡನಿಗೂ ಗೊತ್ತಿಲ್ಲವಾ ಎಂದು ಕೇಳಿದ್ದಕ್ಕೆ, ಗೊತ್ತಿದ್ದರೆ ಅವರು ಪೊಲೀಸರಿಗೆ ದೂರು ಕೊಡುತ್ತಿರಲಿಲ್ಲ ಎಂದರು.

"ಹಾಗಾದರೆ ತೆಗೆಯಿರಿ, ಅಮ್ಮ. ನೀವೇ ಇಟ್ಟದ್ದು, ನೀವೇ ತೆಗೆಯಿರಿ."

ಕಾಂತಿ ಎದ್ದು ಬಾವಿಕಟ್ಟೆಗೆ ಹೋಗಿ ಕೈಕಾಲು ತೊಳೆದು ಬಂದರು. ತಂತಿಯ ಮೇಲೆ ಒಣಗಿದ್ದ ಬಿಳಿ ವಸ್ತ್ರವೊಂದನ್ನು ಎಳೆದುಕೊಂಡು ಬಲಗೈಗೆ ಸುತ್ತಿಕೊಂಡರು. ತೊಟ್ಟಿಯ ಅಂಚಿಗೆ ಮಂಡಿಯೂರಿ, ಕಣ್ಣು ಮುಚ್ಚಿ, ತೋಳಿನವರೆಗೆ ಕೈ ಇಳಿಸಿದರು. ಗುಲಾಬಿ ಕೆನೆ ಮಡಿಕೆ ಮಡಿಕೆಯಾಗಿ ಸರಿಯಿತು. ತಳದ ಕೆಸರು ಎದ್ದು ನೀರು ಕದಡಿತು.

ಭವ್ಯಶ್ರೀಯ ಕೈ ಆಗಲೇ ಫೋನಿನ ಮೇಲಿತ್ತು.

ವಸ್ತ್ರ ಮೇಲೆ ಬಂತು. ಅದರೊಳಗೆ ಪದ್ಮಾಸನದಲ್ಲಿ ಕೂತ ಪುಟ್ಟ ಬಿಂಬ. ಮೈತುಂಬ ಎರಡು ವಾರದ ಉಪ್ಪುಕೆಸರು ಮೆತ್ತಿಕೊಂಡಿತ್ತು, ಹೆಗಲ ಮೇಲೆ ಗುಲಾಬಿಯ ಪದರ. ಕಾಂತಿ ಅದನ್ನು ಬಾಳೆಲೆಯ ಮೇಲಿಟ್ಟು ಹಣೆ ನೆಲಕ್ಕೆ ಮುಟ್ಟಿಸಿದರು. ಆಗ ಅವರು ಅತ್ತರು.

ಭವ್ಯಶ್ರೀ ಮೇಲಧಿಕಾರಿಗೆ ಎರಡೇ ಮಾತು ಹೇಳಿದಳು. ಬಿಂಬ ಸಿಕ್ಕಿದೆ, ಮನೆಯೊಳಗೇ ಸಿಕ್ಕಿದೆ. ಅವರು, ಝಿಯಾದನನ್ನು ಕೋರ್ಟಿಗೆ ಕರೆದುಕೊಂಡು ಹೊರಟ ವಾಹನವನ್ನು ಗುರುವಾಯನಕೆರೆಯಲ್ಲಿ ನಿಲ್ಲಿಸುತ್ತೇನೆ, ನೀವು ಬೇಗ ಬನ್ನಿ ಎಂದರು. ರಶೀನಾ ಅದನ್ನು ಕೇಳಿಸಿಕೊಂಡು ಡ್ರಮ್ಮಿಗೆ ಒರಗಿ, ಮುಖಕ್ಕೆ ಶಾಲು ಒತ್ತಿಕೊಂಡಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ಗೊತ್ತಾಗಲಿಲ್ಲ.

ಫೋನು ಕಿಸೆಗಿಟ್ಟು ಬಿಂಬದ ಕಡೆ ತಿರುಗಿದ ಭವ್ಯಶ್ರೀಗೆ ತೊಟ್ಟಿಯ ಮೇಲಿನ ಆ ಹರಿದ ಕೆನೆ ನೆನಪಾಯಿತು. ಕಾಂತಿ ಕೈ ಇಳಿಸಿದ್ದು ಈಚೆಯ ಅಂಚಿನಿಂದ. ತಾವು ಬಂದಾಗಲೇ ಕೆನೆ ಹರಿದಿದ್ದದ್ದು ಆಚೆಯ ಮೂಲೆಯಲ್ಲಿ.

"ಅಮ್ಮ, ಇವತ್ತು ಬೆಳಗ್ಗೆ ನೀವು ತೊಟ್ಟಿಗೆ ಕೈ ಹಾಕಿದ್ದೀರಾ?"

ಇಲ್ಲ ಎಂದರು ಕಾಂತಿ. ಬಿಂಬ ಇಟ್ಟ ಮೇಲೆ ಕೆಲಸದವರನ್ನು ಹತ್ತಿರ ಬಿಟ್ಟಿರಲಿಲ್ಲ, ತಾವೂ ಮುಟ್ಟಿರಲಿಲ್ಲ. ಇವತ್ತಿನ ಮಿಡಿಗೆ ಬೇರೆ ಬಾಲ್ದಿಯಲ್ಲಿ ಉಪ್ಪು ಕರಗಿಸಿದ್ದರು.

ಭವ್ಯಶ್ರೀ ಸಮವಸ್ತ್ರದ ತೋಳು ಮೇಲೇರಿಸಿ ಕೈಗವಸು ಹಾಕಿಕೊಂಡಳು. ಆಚೆಯ ಮೂಲೆಗೆ ಹೋಗಿ ಬಗ್ಗಿದಳು. ಉಪ್ಪುನೀರು ಎಣ್ಣೆಯ ಹಾಗೆ ದಪ್ಪವಾಗಿ ಕೈಯನ್ನು ಮೇಲಕ್ಕೆ ದೂಡುತ್ತಿತ್ತು. ಮೊದಲು ಮರಳು ಸಿಕ್ಕಿತು. ಮತ್ತೆ ಕರಗದ ಉಪ್ಪಿನ ಹರಳು. ಆಮೇಲೆ ಬೆರಳಿಗೆ ನುಣ್ಣಗಿನ ಒಂದು ಹೆಗಲು ತಾಗಿತು.

ಅವಳು ಅದನ್ನು ಮೇಲೆತ್ತಿದಳು.

ಪದ್ಮಾಸನ. ಅದೇ ಎತ್ತರ, ಅದೇ ಮುಖ, ಪೀಠದ ಮೇಲೆ ಅದೇ ಚಂದ್ರನ ಗುರುತು. ಇದರ ಮೇಲೆ ಮಾತ್ರ ಕೆಸರಿಲ್ಲ, ಪದರವಿಲ್ಲ. ನೀರು ಜಾರಿ ಇಳಿದೊಡನೆ ಬಿಸಿಲು ಅದರ ಮೈಯನ್ನು ಹಾದು ಬಾಳೆಲೆಯ ಮೇಲೆ ಬಿಳಿಯಾಗಿ ಬಿತ್ತು. ಇದನ್ನು ತೊಟ್ಟಿಗೆ ಹಾಕಿ ಒಂದು ದಿನವೂ ಆಗಿರಲಿಲ್ಲ. ಝಿಯಾದ್ ನಿನ್ನೆ ಸಂಜೆಯಿಂದ ಲಾಕಪ್ಪಿನಲ್ಲಿದ್ದ. ಇವತ್ತು ಬೆಳಗ್ಗೆ ಈ ಹಿತ್ತಿಲಿಗೆ ಬಂದವರು ಯಜಮಾನರು ಮತ್ತು ಶೋಧನ್, ಬಿಂಬದ ಬದಲಿಗೆ ಏನಿಡುವುದೆಂದು ಮಾತಾಡಿದವರೂ ಅವರೇ.

ಎರಡೂ ಬಿಂಬಗಳು ಪಕ್ಕಪಕ್ಕ ಕೂತವು.

ಕಾಂತಿ ಒಂದನ್ನು ನೋಡಿದರು, ಇನ್ನೊಂದನ್ನು ನೋಡಿದರು. ಮುಗಿಯಲು ಎತ್ತಿದ್ದ ಕೈ ಅರ್ಧದಲ್ಲೇ ನಿಂತಿತು.

"ನಾನು ಹಾಕಿದ್ದು ಒಂದೇ" ಎಂದರು. ಆಮೇಲೆ ಮೆಲ್ಲಗೆ ಕೇಳಿದರು. "ಇಷ್ಟು ವರ್ಷ ನಾನು ಕೈ ಮುಗಿದದ್ದು ಇದರಲ್ಲಿ ಯಾವುದಕ್ಕೆ, ಮಗಾ?"